ಪೊದೆಯೊಳಗೆ ನನ್ನ ದನಿ

ಕೊಟ್ಟೂರಿನಲ್ಲಿ ನನ್ನ ಮುಖ ಗುರುತಿಸದವರು ಇರಬಹುದು, ದನಿ ಗುರುತಿಸದವರಿಲ್ಲ. ಆಟೋ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಹಡಗಲಿ, ಹರಪನಹಳ್ಳಿವರೆಗೂ ಪ್ರಚಾರ ಕೂಗುವುದು ನನ್ನ ಕಸುಬು. ಕಣ್ಣಿನ ತಪಾಸಣೆ, ಸೀರೆ ಸೇಲು, ತೀರಿಕೊಂಡವರ ಸುದ್ದಿ, ಎಲ್ಲದಕ್ಕೂ ಊರವರಿಗೆ ಈ ಮೈಕ್ ಸಾಬರೇ ಬೇಕು. ನನ್ನ ದನಿಗೆ ನಾನೇ ಮೊದಲ ಅಭಿಮಾನಿ. ಊಟಕ್ಕೆ ಕೂತರೂ ಫೋನಿನಲ್ಲಿ ನನ್ನದೇ ಪ್ರಚಾರ ಹಾಕಿಕೊಳ್ಳುತ್ತೇನೆ.

"ಎದುರಿಗೆ ಕುಂತು ಮಾತಾಡೋದು ಸಾಲದು ಅಂತ ಇದನ್ನೂ ಕೇಳಬೇಕೇನ್ರಿ ನಾನು?" ಎನ್ನುತ್ತಾಳೆ ಹೆಂಡತಿ.

ಹೋದ ವರ್ಷ ಕೂಡ್ಲಿಗಿ ಕಡೆಯ ಕರಡಿಧಾಮದ ಗಾರ್ಡ್ ಒಬ್ಬರು ನನ್ನ ಮೈಕ್ ಅಂಗಡಿಗೆ ಬಂದು, ಸುತ್ತಲಿನ ಹಳ್ಳಿಗಳಲ್ಲಿ ಬೇಟೆ ಬೇಡವೆಂದು ಕೂಗಿ ಬರಲು ಹೇಳಿದರು. ಫೋನಿನಲ್ಲಿ ಒಂದು ಚಿತ್ರವನ್ನೂ ತೋರಿಸಿದರು. ಬುಟ್ಟಿ ತುಂಬ ಕೌಜುಗ ಹಕ್ಕಿಗಳು. ಹಾರದಿರಲೆಂದು ರೆಕ್ಕೆಯ ಗರಿ ಕಿತ್ತಿದ್ದರು. ಎಲ್ಲವೂ ಜೀವಂತ. ಅವತ್ತು ನನಗೆ ಅನ್ನ ಸೇರಲಿಲ್ಲ.

ಇದಕ್ಕೆ ಬರೀ ಮಾತು ಸಾಲದು ಅನ್ನಿಸಿತು. ನಾಲ್ಕು ದಿನ ಬೆಳಗ್ಗೆ ಕುರುಚಲು ಕಾಡಿನ ಅಂಚಿನಲ್ಲಿ ಕೂತು, ಕೌಜುಗದ ಕೂಗನ್ನು ಒಳ್ಳೆಯ ಮೈಕಿನಲ್ಲಿ ಹಿಡಿದೆ. ಮೊದಲು ಹಕ್ಕಿ ಕೂಗುತ್ತದೆ, ಹಿಂದೆಯೇ ನಾನು: "ಮಹಾಜನರೇ, ಈ ಹಕ್ಕಿಯನ್ನು ಹಿಡಿಯುವುದು ಅಪರಾಧ!" ಕೇಳಿದವರೆಲ್ಲ ಭೇಷ್ ಎಂದರು. ನಾನು ಉಬ್ಬಿಹೋದೆ. ಕೇಳಿದವರಿಗೂ ಕೇಳದವರಿಗೂ ಅದನ್ನು ಫೋನಿಗೆ ಕಳಿಸಿದೆ.

ತಿಂಗಳಾದ ಮೇಲೆ ಒಂದು ಬೆಳಗ್ಗೆ ಅದೇ ಕಾಡಿನಂಚಿನ ದಾರಿಯಲ್ಲಿ ಆಟೋ ಓಡಿಸಿಕೊಂಡು ಹೊರಟಿದ್ದೆ. ನನ್ನ ಮೈಕು ಇನ್ನೂ ಹಚ್ಚಿರಲಿಲ್ಲ. ಆದರೂ ಕಾಡಿನೊಳಗಿಂದ ನನ್ನ ದನಿ ಕೇಳಿಸಿತು. "ಮಹಾಜನರೇ..."

ನನಗೆ ಮೊದಲು ಬಂದದ್ದು ಸಿಟ್ಟು. ಯಾವನೋ ಬೇರೆ ಮೈಕಿನವನು ನನ್ನ ಪ್ರಚಾರ ಕದ್ದಿದ್ದಾನೆ! ಕಾಡಿನಲ್ಲಿ ಯಾರಿಗೆ ಪ್ರಚಾರ ಎಂದು ಯೋಚಿಸುವಷ್ಟು ಬುದ್ಧಿ ನನಗೆಲ್ಲಿಯದು. ಜಾಲಿ ಮುಳ್ಳಿಗೆ ಅಂಗಿ ಹರಿಸಿಕೊಂಡು ಒಳನುಗ್ಗಿದೆ.

ಪೊದೆಯೊಳಗೆ ಅಂಗೈಯಗಲದ ಸ್ಪೀಕರ್ ಇತ್ತು. ಅದರ ಸುತ್ತ ನೆಲಕ್ಕೆ ಗೂಟ ಹೊಡೆದು ನೈಲಾನ್ ದಾರದ ಉರುಲು ಒಡ್ಡಿದ್ದರು. ಒಂದರಲ್ಲಿ ಕೌಜುಗ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಎಳೆದೆಳೆದು ದಾರ ಕಾಲಿನ ಎಲುಬು ಮುಟ್ಟಿತ್ತು. ಸ್ಪೀಕರಿನ ಕೂಗು ಕೇಳಿ, ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ಬಂದಿದೆಯೆಂದು ಜಗಳಕ್ಕೆ ಓಡಿಬಂದಿತ್ತು, ಪಾಪ.

ಬಂಡೆಯ ಹಿಂದಿನಿಂದ ನನ್ನ ವಯಸ್ಸಿನವನೇ ಒಬ್ಬ ಎದ್ದು ಬಂದ. ಓಡಿಹೋಗಲಿಲ್ಲ, ನಕ್ಕ.

"ಸಾಬ್ರ, ನೀವಾ! ಹಕ್ಕಿ ಕೂಗು ಭಾರಿ ಹಿಡದೀರಿ ನೋಡ್ರಿ. ಅದರ ಹಿಂದ ಬರೋ ನಿಮ್ಮ ಮಾತು ಕತ್ತರಿಸಾಕ ನನಗ ಬರಲಿಲ್ಲ, ಹಂಗ ಬಿಟ್ಟೀನಿ."

ನಾನು ಬೈಯಬೇಕಿತ್ತು. ಬಾಯಿಂದ ಬಂದದ್ದು ಬೇರೆ. "ನನ್ನ ದನಿಗೆ ಹಕ್ಕಿ ಹೆದರಂಗಿಲ್ಲೇನು?"

"ಮನುಷ್ಯಾರ ಹೆದರಂಗಿಲ್ಲ, ಹಕ್ಕಿ ಯಾಕ ಹೆದರತಾವ್ರಿ?"

ಅವನ ಕಣ್ಣೆದುರೇ ಸ್ಪೀಕರ್ ಬಂದ್ ಮಾಡಿ, ಉಳಿದ ಉರುಲುಗಳ ಗೂಟ ಕಿತ್ತೆ, ಗಾರ್ಡಿಗೆ ಫೋನ್ ಮಾಡಿದೆ. ಫೋನ್ ಕಿವಿಗಿಟ್ಟದ್ದು ನೋಡಿದ ಮೇಲೆ ಅವನು ಬೈಕ್ ಹತ್ತಿದ. ಸ್ಪೀಕರ್ ಅಲ್ಲೇ ಉಳಿಯಿತು.

ಗಾರ್ಡ್ ಬಂದು ಹಕ್ಕಿಯನ್ನು ಟವಲಿನಲ್ಲಿ ಸುತ್ತಿ ಹಿಡಿದರು. ನಾನು ದಾರ ಕತ್ತರಿಸಿದೆ. ಒಂದು ಕಾಲು ಜೋತುಬಿತ್ತು. ಆಮೇಲೆ ಅವರು ಪಂಚನಾಮೆ ಬರೆಯಲು ಕೂತರು.

"ಈ ಸ್ಪೀಕರ್ ಪೆಟ್ಟಿಗ್ಯಾಗ ಯಾರ ದನಿ ಐತಿ ಅಂತ ಬರೀಲ್ರಿ?"

"ನಂದ ರೀ," ಎಂದೆ. ಜೀವನದಲ್ಲಿ ಅಷ್ಟು ಮೆಲ್ಲಗೆ ನಾನು ಎಂದೂ ಮಾತಾಡಿರಲಿಲ್ಲ.

ಸ್ಪೀಕರ್ ಎತ್ತಿ ಕೊಡುವಾಗ ನನ್ನ ಬೆರಳು ಗುಂಡಿಗೆ ತಾಗಿ ಕೌಜುಗದ ಕೂಗು ಮತ್ತೆ ಶುರುವಾಯಿತು. ಟವಲಿನೊಳಗಿನ ಹಕ್ಕಿ ಕತ್ತು ಹೊರಗೆ ಹಾಕಿ, ಆ ಸ್ಥಿತಿಯಲ್ಲೂ, ಉತ್ತರ ಕೊಟ್ಟಿತು. ನಾನು ಗಾಬರಿಯಿಂದ ಬಂದ್ ಮಾಡಿದೆ. ಅದು ಇನ್ನೊಮ್ಮೆ ಕೂಗಿ, ಪೆಟ್ಟಿಗೆಯ ಕಡೆಯೇ ನೋಡುತ್ತ ಕಾಯಿತು.

ಮೂವತ್ತು ವರ್ಷದಿಂದ ಊರೂರು ತಿರುಗಿ ಜನರನ್ನು ಕೂಗಿ ಕರೆದಿದ್ದೇನೆ. ನಾನು ಕೇಳಿಸಿದ್ದನ್ನು ನಿಜವೆಂದು ನಂಬಿ ಓಡಿಬಂದದ್ದು ಆ ಹಕ್ಕಿಯೊಂದೇ.