ಸ್ವೆಟರ್ ಮಾರುತ್ತಾ ಕಲಿತ ಕನ್ನಡ

ದೇಸಿ ಅಂಗಡಿಗಳಿರುವ ಜ್ಯಾಕ್ಸನ್ ಹೈಟ್ಸ್‌ಗೆ ಸೀರೆ ಫಾಲ್ಸ್ ಹುಡುಕಲು ಹೋದವಳು ಹಸಿವು ತಾಳಲಾರದೆ ಮೊಮೊ ಗಾಡಿಯೊಂದರ ಮುಂದೆ ನಿಂತೆ. ವಿಪರೀತ ಖಾರ ಇರಬಹುದೇನೋ ಎಂದು ಫೋನಿನಲ್ಲಿ ಗಂಡನ ಹತ್ತಿರ ಗೊಣಗುತ್ತಿದ್ದೆ.

"ಖಾರ ಇಲ್ರಿ ಅಕ್ಕಾರ, ತಿಂದು ನೋಡ್ರಿ," ಎಂದರು ಗಾಡಿಯ ಹಿಂದಿದ್ದ ಟಿಬೆಟಿನ ಹೆಂಗಸು.

ನಾನು ಮೈಸೂರಿನವಳು. ಈಗ ನಾವಿರುವ ಮೆಟುಚೆನ್‌ನಲ್ಲಿ ಭಾನುವಾರಗಳಂದು ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಕಲಿಸುತ್ತೇನೆ ಎನ್ನುವುದು ನನ್ನ ಹೇಳಿಕೆ. ಮಕ್ಕಳು ಉತ್ತರ ಕೊಡುವುದು ಇಂಗ್ಲಿಷಿನಲ್ಲೇ. ಇಲ್ಲಿ ನೋಡಿದರೆ ಅಪ್ಪಟ ಹುಬ್ಬಳ್ಳಿ ಕನ್ನಡ. ಅವತ್ತು ಫಾಲ್ಸ್ ಮರೆತೇ ಹೋಯಿತು.

ಅವರನ್ನು ಆಂಟಿ ಎಂದೇ ಕರೆಯತೊಡಗಿದೆ. ಚಿಕ್ಕವರಿದ್ದಾಗ ಚಿಕ್ಕಪ್ಪನ ಬೆನ್ನ ಮೇಲೆ ಹಿಮ ದಾಟಿ ಬಂದು, ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಬೆಳೆದವರು. ಚಳಿಗಾಲ ಬಂತೆಂದರೆ ಹುಬ್ಬಳ್ಳಿಯ ಬೀದಿಯಲ್ಲಿ ಸ್ವೆಟರ್ ಮಾರುತ್ತಾ ಕನ್ನಡ ಕಲಿತರು. ದೊಡ್ಡವರಾದ ಮೇಲೆ, ಟಿಬೆಟಿನಲ್ಲೇ ಉಳಿದಿದ್ದ ತಾಯಿಯನ್ನು ನೋಡಲು ಕದ್ದು ಅಲ್ಲಿಗೆ ಹೋಗಿ ಜೈಲು ಸೇರಿದರು. ಬಿಡುಗಡೆಯಾಗಿ ಭಾರತಕ್ಕೆ ಮರಳಿ, ಕೊನೆಗೆ ಇಲ್ಲಿಗೆ ಬಂದು ಅಸೈಲಮ್‌ಗೆ, ಅಂದರೆ ಆಶ್ರಯಕ್ಕೆ, ಅರ್ಜಿ ಹಾಕಿದ್ದರು. ಸಿಕ್ಕರೆ ಕಾಯಂ ಆಗಿ ಉಳಿಯಬಹುದು. ಸಿಗದಿದ್ದರೆ ಎಲ್ಲಿಗೆ ಹೋಗುವುದೆಂದು ಅವರಿಗೇ ತಿಳಿದಿರಲಿಲ್ಲ.

ಇಂಟರ್‌ವ್ಯೂಗೆ ದುಭಾಷಿಯನ್ನು ನಾವೇ ಕರೆತರಬೇಕಂತೆ. ನೀವು ಬರ್ತೀರೇನು ಎಂದು ನನ್ನನ್ನು ಕೇಳಿದರು. ಟಿಬೆಟಿಯನ್ ಬಲ್ಲವರು ಸಿಗಲಿಲ್ವಾ ಆಂಟಿ ಎಂದೆ.

"ಬೇಕಾದಷ್ಟು ಮಂದಿ ಅದಾರ್ರಿ. ಆದ್ರ ಅವ್ವನ ಸುದ್ದಿ ಅವ್ವನ ಮಾತಿನ್ಯಾಗ ಹೇಳಾಕ ಹೋದ್ರ ಬರೇ ಅಳು ಬರ್ತೈತ್ರಿ. ಕನ್ನಡ ಪ್ಯಾಟ್ಯಾಗ ನಿಂತು ಕಲಿತದ್ದು. ಅದ್ರಾಗ ಧೈರ್ಯ ಬರ್ತೈತಿ."

ಅವರ ವಕೀಲೆಗೆ ಇದು ಒಪ್ಪಿಗೆಯಾಗಲಿಲ್ಲ. ಬೇರೊಂದು ದೇಶದಲ್ಲಿ ಆಗಲೇ ನೆಲೆ ಸಿಕ್ಕಿದವರಿಗೆ ಇಲ್ಲಿ ಆಶ್ರಯವಿಲ್ಲ. ಭಾರತದ ಭಾಷೆಯಲ್ಲಿ ಮಾತಾಡಿದರೆ ಭಾರತವೇ ನಿಮ್ಮ ಮನೆ ಎಂದುಬಿಟ್ಟಾರು ಎಂದು ಎಚ್ಚರಿಸಿದರು. ಆಂಟಿ ಜಗ್ಗಲಿಲ್ಲ.

ಇಂಟರ್‌ವ್ಯೂ ಕೋಣೆಯಲ್ಲಿ ಕೂತ ತಕ್ಷಣ ಅವರು ಅಧಿಕಾರಿಯನ್ನು, "ನಾಷ್ಟಾ ಆತೇನ್ರಿ ಸಾಹೇಬ್ರ?" ಎಂದು ಕೇಳಿದರು. ಒಂದು ಮಾತೂ ಬಿಡದೆ ಹೇಳುತ್ತೇನೆಂದು ಪ್ರಮಾಣ ಮಾಡಿದ್ದೆನಲ್ಲ, ಅದನ್ನೂ ಇಂಗ್ಲಿಷಿಗೆ ತಂದೆ. ಆಯಿತು ಎಂದರು ಅಧಿಕಾರಿ, ಸ್ವಲ್ಪ ಗಲಿಬಿಲಿಗೊಂಡು.

ದುಭಾಷಿ 'ಅವರು' ಎನ್ನುವಂತಿಲ್ಲ, 'ನಾನು' ಎನ್ನಬೇಕು. ತಾಯಿಯನ್ನು ನೋಡಲು ನಾನು ಹಿಮದಲ್ಲಿ ನಡೆದೆ. ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಜೈಲಿನ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದವರು ನನ್ನ ತಾಯಿ ಇರಬಹುದೇ, ಅವರನ್ನೂ ಹಿಡಿದು ತಂದರೇ ಎಂದು ಕಿವಿಗೊಡುತ್ತಿದ್ದೆ. ಇದನ್ನೆಲ್ಲ ಅವರ ಪರವಾಗಿ ಹೇಳುತ್ತಿದ್ದ ನಾನೋ, ಇಲ್ಲಿಗೆ ಬರುವಾಗ ಸೂಟ್‌ಕೇಸ್ ಕಳೆದುಕೊಂಡಿದ್ದೇ ದೊಡ್ಡ ಕಷ್ಟವೆಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದವಳು. ಇಷ್ಟೆಲ್ಲ ಹೊತ್ತ ಹೆಂಗಸು ನನಗೆ ಚಟ್ನಿ ಸಾಕಾ ಎಂದು ಎರಡೆರಡು ಸಲ ಕೇಳುತ್ತಿದ್ದರಲ್ಲ ಎಂದು ಬೆರಗಾದೆ.

ಕೊನೆಗೆ ಆ ಪ್ರಶ್ನೆ ಬಂದೇ ಬಂತು. ಭಾರತದ ಭಾಷೆ ಇಷ್ಟು ಸಲೀಸಾಗಿ ಆಡುತ್ತೀರಿ, ಹಾಗಾದರೆ ಅದೇ ನಿಮ್ಮ ಊರಲ್ಲವೇ?

ಇವರು ನಮ್ಮವರು ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಅದೇ ಮಾತು ಈಗ ಅವರ ಕುತ್ತಿಗೆಗೆ ಬಂದಿತ್ತು.

ಆಂಟಿ ಅವಸರ ಮಾಡಲಿಲ್ಲ. "ಮಾತು ಮಂದಿ ಕೊಟ್ರು ಸಾಹೇಬ್ರ. ಹಸದಾಗ ರೊಟ್ಟಿನೂ ಕೊಟ್ರು. ದೇಶ ಕೊಡೂದು ಅವರ ಕೈಯಾಗ ಇರಲಿಲ್ಲ. ಅಲ್ಲೇ ಬೆಳದು ತಲಿ ಬೆಳ್ಳಗಾದ್ರೂ ಪೊಲೀಸ್ ಆಫೀಸಿನ್ಯಾಗ ನಾ ಫಾರಿನರ್. ಇರಾಕ ಪರ್ಮಿಟ್ ರಿನ್ಯೂ ಮಾಡಸ್ತಿದ್ದೆ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಅಲ್ಲಿ ನಾನು ಪರಕೀಯಳು ಎಂದು, ನನ್ನದೇ ನಾಡಿನ ಬಗ್ಗೆ, ನನ್ನದೇ ಬಾಯಿಂದ. ಆಂಟಿ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡರು, ಹೇಳಿದೆ.

ಕೆಲವು ವಾರ ಕಳೆದು ಅವರ ಫೋನ್ ಬಂತು. "ಸಿಕ್ತ್ರಿ ಅಕ್ಕಾರ." ನಾನು ಅತ್ತುಬಿಟ್ಟೆ. ನನ್ನ ಅಳು ಮುಗಿಯುವವರೆಗೆ ಕಾದು ಕೇಳಿದರು: "ಇನ್ನ ಒಮ್ಮೆ ಹುಬ್ಬಳ್ಳಿಗೆ ಹೋಗಿ ಬರಬಹುದೇನ್ರಿ?"

ಹೋಗಬಹುದು, ಆದರೆ ವೀಸಾ ಕೇಳಬೇಕಾಗುತ್ತೆ ಎಂದೆ.

"ಕೇಳ್ತೀನ್ರಿ," ಎಂದರು. "ಕನ್ನಡದಾಗ ಕೇಳಿದ್ರ ಕೊಡ್ತಾರ."