ಮೆದುಳಿನ ಬಾಗಿಲಿಗೆ ತುಪ್ಪ

ನಾನು ಏಳನೇ ತರಗತಿಗೇ ಶಾಲೆ ಬಿಟ್ಟು ಒಲೆ ಮುಂದೆ ನಿಂತವನು. ಈಗ ಅಮೆರಿಕದ ಲಿವೋನಿಯಾದಲ್ಲಿ ಅಡುಗೆಮನೆಯೊಂದನ್ನು ಬಾಡಿಗೆಗೆ ಹಿಡಿದು ಸುತ್ತಲಿನ ಸಮಾರಂಭಗಳಿಗೆಲ್ಲ ಬೇಯಿಸುತ್ತೇನೆ. ನನ್ನ ಬಿಸಿಬೇಳೆಬಾತನ್ನು ಎರಡನೇ ಸಲ ಕೇಳದೆ ಎದ್ದವರಿಲ್ಲ. ಜಂಬ ಅನ್ನುವವರು ಅನ್ನಲಿ.

ಇಲ್ಲೇ ಹುಟ್ಟಿದ ಮಗಳಿಗೆ ಹೈಸ್ಕೂಲಿನಲ್ಲಿ ಫಿಟ್ಸ್ ಶುರುವಾಯಿತು. ಎರಡು ಬಗೆಯ ಮಾತ್ರೆ ಕೊಟ್ಟರೂ ನಿಲ್ಲಲಿಲ್ಲ. ಗೆಳತಿಯರೆಲ್ಲ ಕಾರು ಓಡಿಸುವಾಗ ಇವಳು ಕಾಲೇಜಿಗೂ ಅಪ್ಪನ ಒಗ್ಗರಣೆ ವಾಸನೆಯ ವ್ಯಾನಿನಲ್ಲೇ ಹೋಗಬೇಕು. ತಿಂಗಳುಗಟ್ಟಲೆ ಫಿಟ್ಸ್ ಬರದಿದ್ದರೆ ಮಾತ್ರ ಡ್ರೈವಿಂಗ್ ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಬೇಕಿದ್ದದ್ದು ಅದೊಂದೇ.

ಡಾಕ್ಟರು ಮೈಸೂರಿನ ಹೆಣ್ಣುಮಗಳು. ತಪ್ಪದೆ ನುಂಗಿದರೂ ಕೆಲಸ ಮಾಡದ ಮಾತ್ರೆ ಎಂಥದ್ದು ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಅಂಕಲ್, ಮೆದುಳಿನ ರಕ್ತನಾಳದ ಗೋಡೆ ಬಹಳ ಬಿಗಿ. ವಿಷ ಒಳಗೆ ಹೋಗ್ಬಾರ್ದು ಅಂತ ಕಾಯುತ್ತೆ. ಅದಕ್ಕೆ ಮದ್ದು ಯಾವ್ದು, ವಿಷ ಯಾವ್ದು ಅಂತ ಗೊತ್ತಾಗಲ್ಲ."

ಜಿಡ್ಡಿನಲ್ಲಿ ಕರಗುವ ಮದ್ದು ಸಾಮಾನ್ಯವಾಗಿ ಸಲೀಸಾಗಿ ದಾಟುತ್ತದಂತೆ. ಹಾಗೆ ನುಸುಳಿದ್ದರಲ್ಲೂ ಕೆಲವನ್ನು ಗೋಡೆಯಲ್ಲಿರುವ ಪುಟ್ಟ ಪಂಪುಗಳು ಹಿಡಿದು ರಕ್ತಕ್ಕೇ ವಾಪಸು ತಳ್ಳುತ್ತವಂತೆ. ಫಿಟ್ಸ್ ಹುಟ್ಟುವ ಜಾಗದಲ್ಲಿ ಕೆಲವರಿಗೆ ಆ ಪಂಪುಗಳೇ ಹೆಚ್ಚು. ನಿಮ್ಮ ಮಗಳಿಗೂ ಹಾಗೇ ಇರಬಹುದೆಂಬ ಅನುಮಾನ ಅಷ್ಟೇ, ಖಚಿತವಿಲ್ಲ ಎಂದರು.

ಇಷ್ಟೆಲ್ಲದರಲ್ಲಿ ನನ್ನ ಕಿವಿ ಹಿಡಿದದ್ದು ಜಿಡ್ಡು ಎಂಬ ಮಾತನ್ನು. ಅಷ್ಟೇ ತಾನೆ, ಅದು ನನ್ನ ಇಲಾಖೆ. ಮರುದಿನದಿಂದ ದೋಸೆಗೆ ತುಪ್ಪ, ಅನ್ನಕ್ಕೆ ತುಪ್ಪ, ಮಾತ್ರೆ ನುಂಗಿದ ಮೇಲೂ ಒಂದು ಚಮಚ. "ಡ್ಯಾಡ್, ಪ್ಲೀಸ್" ಎಂದು ಗೊಣಗುತ್ತಲೇ ತಿಂದಳು. ಕೆನ್ನೆ ತುಂಬಿತು. ಮದ್ದು ಒಳಗೆ ಹೋಗುತ್ತಿದೆ ಎಂದು ನಾನು ಬೀಗಿದೆ.

ಒಂದು ಶನಿವಾರ ಬೆಳಿಗ್ಗೆ, ತಟ್ಟೆ ಮುಂದೆಯೇ, ಮತ್ತೆ ಫಿಟ್ಸ್ ಬಂತು. ಅವಳನ್ನು ಮಗ್ಗುಲಿಗೆ ಮಲಗಿಸಿಕೊಂಡು ಕೂತೆ. ಕಾವಲಿ ಮೇಲಿನ ದೋಸೆ ಕರಕಾಯಿತು. ಎಚ್ಚರವಾದವಳು ಮೊದಲು ಕೇಳಿದ್ದು, "ಮತ್ತೆ ಮೊದಲಿಂದ ತಿಂಗಳು ಎಣಿಸ್ಬೇಕಾ, ಅಪ್ಪಾ?"

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನನ್ನ ತುಪ್ಪದ ಚಿಕಿತ್ಸೆಯನ್ನು ಮಗಳೇ ವರದಿ ಮಾಡಿದಳು. ಡಾಕ್ಟರು ನಗು ತಡೆಯಲು ನೋಡಿದರು, ಆಗಲಿಲ್ಲ.

"ಅಂಕಲ್, ತುಪ್ಪ ಸೊಂಟಕ್ಕೆ ಹೋಗುತ್ತೆ, ಮೆದುಳಿಗಲ್ಲ. ಜಿಡ್ಡಲ್ಲಿ ಕರಗೋ ಗುಣ ಮಾತ್ರೆಗೇ ಇರ್ಬೇಕು."

ನಾನೂ ನಕ್ಕೆ. ಒಳ್ಳೆಯ ತುಪ್ಪಕ್ಕೂ ದಾಟಲಾಗದ ಬಾಗಿಲು ಇದೆಯಲ್ಲ ಎಂದೆ. ಅವರು ಬೇರೆ ಮಾತ್ರೆ ಬರೆದರು. ಇದೂ ಕೆಲಸ ಮಾಡುತ್ತದೆಂಬ ಭರವಸೆ ಇಲ್ಲ, ನೋಡೋಣ ಎಂದರು. ನೋಡಿದೆವು. ಚಳಿಗಾಲ ಕಳೆಯಿತು, ಅಂಗಳದ ಹಿಮ ಕರಗಿತು, ಬೇಸಿಗೆಯೂ ಬಂತು. ಫಿಟ್ಸ್ ಬರಲಿಲ್ಲ.

ಕಳೆದ ವಾರ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲೊಂದು ನಾಮಕರಣದ ಊಟವಿತ್ತು. ವ್ಯಾನು ಓಡಿಸಿದ್ದು ಮಗಳು. ಹಿಂದೆ ಪಾತ್ರೆಗಳು ಗಲಗಲ ಎನ್ನುತ್ತಿದ್ದವು, ನನ್ನ ತೊಡೆಯ ಮೇಲೆ ತುಪ್ಪದ ಡಬ್ಬಿ. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಹತ್ತಿರವಾದಂತೆ ನನ್ನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತತೊಡಗಿತು.

"ಅಪ್ಪಾ," ಎಂದಳು ರಸ್ತೆಯಿಂದ ಕಣ್ಣು ಕೀಳದೆ, "ಬ್ರೇಕ್ ಈ ಕಡೆ ಇದೆ."