ಬಲಗೈ ಶರಣು, ಎಡಗೈ ಜೋಮು

ಹೋದ ಬುಧವಾರ ತರಗತಿಯಲ್ಲಿ ನನ್ನ ಎಡಗೈಯಿಂದ ಡಸ್ಟರ್ ಜಾರಿ ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು. ಮಕ್ಕಳು ನಕ್ಕರು, ನಾನೂ ನಕ್ಕೆ. ಆದರೆ ಒಳಗೊಳಗೇ ಹೆದರಿದ್ದೆ. ಕಿರುಬೆರಳು, ಉಂಗುರದ ಬೆರಳು ಎರಡೂ ಇವೆಯೋ ಇಲ್ಲವೋ ಅನ್ನುವಷ್ಟು ಜೋಮು ಹಿಡಿದಿದ್ದವು.

ಕಾರಣ ಗೊತ್ತೇ ಇತ್ತು. ಸೈಕಲ್. ಕೊಪ್ಪಳದಿಂದ ಗಿಣಿಗೇರಾದ ಶಾಲೆಗೆ ಎರಡು ವರ್ಷದಿಂದ ದಿನಾ ಸೈಕಲ್ಲೇ. (ಐವತ್ತೊಂದರ ವಯಸ್ಸಿಗೆ ಇದೇನು ಹುಚ್ಚು ಅಂದವರಿಗೆಲ್ಲ ಈ ಅಂಕಣದಲ್ಲೇ ಉತ್ತರ ಕೊಟ್ಟಾಗಿದೆ, ಮತ್ತೆ ಕೇಳಬೇಡಿ.) ಕಾರ್ಖಾನೆ ಲಾರಿಗಳ ಧೂಳು ಕುಡಿಯುತ್ತಾ ಹೋಗುವ ಆ ಮುಕ್ಕಾಲು ಗಂಟೆ ಪೂರ್ತಿ ನನ್ನದು. ಯಾರ ಚಹಾವೂ ಇಲ್ಲ, ಯಾರ ಟಿಫಿನ್ ಡಬ್ಬಿಯೂ ಇಲ್ಲ. ಅದನ್ನು ಬಿಟ್ಟುಕೊಡುವುದೇ?

ನಮ್ಮ ಮನೆಯವರು ಮಾತ್ರ ತಯಾರಾಗಿಬಿಟ್ಟಿದ್ದರು. "ವಯಸ್ಸಾತು ಸರೋಜಾ, ಕೈನ ಹೇಳಾಕತ್ತೈತಿ. ಸೋಮವಾರ ಸಂಜಿಮುಂದ ಶೋರೂಮಿಗೆ ಹೋಗೂಣು, ಸ್ಕೂಟಿ ತಗೊಳ್ಳೂಣು. ಇದನ್ನ ಗುಜರಿಗೆ ಹಾಕು."

ಗುಜರಿಗೆ! ಸಿಟ್ಟು ನೆತ್ತಿಗೇರಿತು. ಭಾನುವಾರ ಬೆಳಿಗ್ಗೆಯೇ ಸೈಕಲ್ ತಳ್ಳಿಕೊಂಡು ಹುಸೇನಸಾಬರ ರಿಪೇರಿ ಅಂಗಡಿಗೆ ಹೋದೆ. ನನ್ನದು ಗೇರ್ ಸೈಕಲ್. ಹ್ಯಾಂಡಲ್ ಸೀದಾ ಕೋಲಿನ ಹಾಗೆ. ಹಿಡಿಯಬೇಕೆಂದರೆ ಮೈ ಮುಂದಕ್ಕೆ ಬಾಗಲೇಬೇಕು.

"ಈ ಓಣಿ ತುದಿತನಕ ಹೊಡ್ಕೊಂಡು ಬರ್ರಿ ಅಕ್ಕೋರ, ನಾ ನೋಡ್ತೀನಿ" ಅಂದರು ಸಾಬರು. (ನಮ್ಮ ಕಡೆ ಟೀಚರಮ್ಮ ಅಂದರೆ ಅಕ್ಕೋರು.) ಹೊರಟೆ. ಹೂವಿನವಳು "ಶರಣ್ರೀ ಅಕ್ಕೋರ" ಅಂದಳು, ಕೈ ಎತ್ತಿದೆ. ಕಿರಾಣಿ ಅಂಗಡಿಯವರು ಅಂದರು, ಹಾಲಿನವರು ಅಂದರು, ಇನ್ನೂ ಮೂವರು ಅಂದರು. ಎಲ್ಲರಿಗೂ ಕೈ ಎತ್ತಿದೆ.

ತಿರುಗಿ ಬಂದಾಗ ಸಾಬರು ನಗುತ್ತಿದ್ದರು. "ಆರು ಮಂದಿಗೆ ಶರಣು ಅಂದ್ರಿ. ಆರೂ ಸಲ ಬಲಗೈನ ಎತ್ತಿದ್ರಿ. ಎಡಗೈ ಯಾಕ ಎತ್ತಲಿಲ್ರಿ?"

"ಏನ್ರೀ ಸಾಬ್ರ, ಎಡಗೈಲೆ ಯಾರರ ಶರಣು ಮಾಡ್ತಾರೇನ್ರಿ?"

"ಮಾಡಂಗಿಲ್ಲ ಬಿಡ್ರಿ. ಅದಕ್ಕ ನೋಡ್ರಿ, ನಿಮ್ಮ ಮೈಭಾರ ಎಲ್ಲಾ ಆ ಎಡಗೈ ಒಂದ ಹೊರಾಕತ್ತೈತಿ."

ಹೌದಲ್ಲ! ಕೊಪ್ಪಳದಿಂದ ಗಿಣಿಗೇರಾದವರೆಗೆ ಎಷ್ಟು ಶರಣು! ಮರ್ಯಾದೆಯೆಲ್ಲ ಬಲಗೈಗೆ, ದುಡಿತವೆಲ್ಲ ಎಡಗೈಗೆ. ಎರಡು ವರ್ಷ ಇದು ನನ್ನ ತಲೆಗೇ ಹೊಳೆದಿರಲಿಲ್ಲ.

"ಹಂಗಾರ ಶರಣು ಅನ್ನೂದು ಬಿಡ್ಲೇನ್ರಿ?"

"ಕೈ ಎತ್ತೂದು ಬಿಡಬ್ಯಾಡ್ರಿ. ಕೈ ಮ್ಯಾಲೆ ಬೀಳೂದು ಬಿಡ್ರಿ."

ಸೈಕಲ್ಲನ್ನು ಗೋಡೆಗೆ ಒರಗಿಸಿ ನನ್ನನ್ನು ಕೂರಿಸಿದರು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಆರಾಮಾಗಿ ಕೈ ಚಾಚಿ ಅಂದರು. ಚಾಚಿದೆ. ಕಣ್ಣು ಬಿಟ್ಟು ನೋಡಿದರೆ ಹ್ಯಾಂಡಲ್ ನನ್ನ ಕೈಯಿಂದ ಒಂದು ಗೇಣು ಆಚೆ, ಒಂದು ಗೇಣು ಕೆಳಗೆ! ಅಷ್ಟು ದೂರ ನಾನೇ ದಿನಾ ಬಗ್ಗಿ ಹೋಗುತ್ತಿದ್ದೆ.

ಸೀದಾ ಹ್ಯಾಂಡಲ್ ಬಿಚ್ಚಿ, ಸವಾರರ ಕಡೆಗೆ ಬಾಗಿ ಬರುವ ಹಳೇ ಮಾದರಿಯ ಹ್ಯಾಂಡಲ್ ಹಾಕಿದರು. ಎತ್ತರಿಸಿದರು. ಬಾಗಿದಲ್ಲಿ ಎರಡು ಗಿಡ್ಡ ಪೈಪು ವೆಲ್ಡ್ ಮಾಡಿಸಿ, ಹರಿದ ಟ್ಯೂಬಿನ ಪಟ್ಟಿ ಸುತ್ತಿದರು. ಹೋರಿಯ ಕೊಂಬೇ ಸರಿ. ಈಗ ಕೈಗೆ ಮೂರು ಜಾಗ: ಹಿಡಿಕೆ, ಬಾಗು, ಕೊಂಬು. ಒಂದು ಕಡೆ ಬೇಸರವಾಯಿತೇ, ಇನ್ನೊಂದು ಕಡೆ ಹಿಡಿ.

ಸೋಮವಾರದ ಸವಾರಿ ಏನು ಹೇಳಲಿ! ತಲೆ ಎತ್ತಿ ಕೂತು ಹೋದೆ. ದಾರಿಯುದ್ದಕ್ಕೂ ಶರಣು, ಸೈಕಲ್ ಒಂದಿಷ್ಟೂ ಓಲಾಡಲಿಲ್ಲ. ಶಾಲೆಯ ಗೇಟಿನಲ್ಲಿ ಇಳಿದು ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿದೆ. ಐದೂ ನನ್ನವೇ! ಕುಣಿಯಬೇಕೆನಿಸಿತು. (ಹೆಡ್‌ಮಾಸ್ತರರು ನೋಡುತ್ತಿದ್ದರು, ಕುಣಿಯಲಿಲ್ಲ.)

ಅಲ್ಲಿಂದಲೇ ಫೋನ್ ಮಾಡಿದೆ. "ರೀ, ಶೋರೂಮಿಗೆ ಬರೂದಿಲ್ಲ ಅಂತ ಹೇಳ್ರಿ."

"ಯಾಕ? ಕೈ ಏನಾತು?"

"ಛಲೋ ಐತ್ರಿ. ತಪ್ಪು ವಯಸ್ಸಿಂದಲ್ರಿ, ಹ್ಯಾಂಡಲ್ಲಿಂದು."

ಈಗ ಎಲ್ಲಿ ನೋಡಿದರೂ ಅದೇ ಕಾಣುತ್ತಿದೆ. ನನ್ನ ಅಡುಗೆಕಟ್ಟೆಯನ್ನು ಕಟ್ಟಿದ್ದು ಯಾರ ಎತ್ತರಕ್ಕೆ? ಸ್ಟಾಫ್‌ರೂಮಿನ ಕುರ್ಚಿ ಮಾಡಿದ್ದು ಯಾರ ಬೆನ್ನಿಗೆ? ಯಾರದೋ ಅಳತೆಯ ವಸ್ತುವಿಗೆ ನಮ್ಮ ಮೈ ಬಗ್ಗಿಸಿಕೊಂಡು, ನೋವು ಬಂದಾಗಲೆಲ್ಲ ವಯಸ್ಸನ್ನೇ ಬೈದೆವಲ್ಲ, ಒಮ್ಮೆಯಾದರೂ ನಟ್ಟು ಸಡಿಲಿಸಿ ನೋಡಿದೆವಾ?